ಹತ್ತೊಂಬತ್ತನೆಯ ಗುಂಡು

ಬರೀ ಕಪ್ಪು, ಬಿಲ್ಲೆ ಇಲ್ಲ — ಬಂದೂಕಿನ ಮೇಲಿನ ದುರ್ಬೀನಿನ ಗಾಜಿನೊಳಗೆ ಬಿಸಿಲಿನ ಝಳಕ್ಕೆ ನೀರಿನಡಿಯ ನಾಣ್ಯದ ಹಾಗೆ ತುಳುಕುತ್ತಿರುವ ಕರಿಯ ವೃತ್ತ, ಅದರ ಮೇಲೆ ಎಲ್ಲಾದರೂ ಒಂದು ಕಡೆ ಇರಬೇಕಾಗಿದ್ದ ಬಿಳಿ ಬಿಲ್ಲೆ ಎಲ್ಲೂ ಇಲ್ಲ, ಇಷ್ಟು ಹೊತ್ತೂ ಇತ್ತು, ಹದಿಮೂರು ಸಲ ಹೊಡೆದಾಗ ಹದಿಮೂರು ಸಲವೂ ಗುರಿಹಲಗೆ ಕೆಳಗಿಳಿದು, ತೂತಿನ ಬಾಯಿಗೆ ಬಿಳಿ ಬಿಲ್ಲೆ ಸಿಕ್ಕಿಸಿಕೊಂಡು ಮೇಲೆ ಬಂದಿತ್ತು, ಹದಿನಾಲ್ಕನೆಯದಕ್ಕೆ ಹೇಳಿ ಇಳಿಸಿದ ಮೇಲೂ ಬೋಳಾಗಿ ಬಂದಿದೆ. ಮಿಸ್ ಅಮ್ಮಾ, ಸೊನ್ನೆ, ಎಂದು ಹಿಂದಿನ ಕುರ್ಚಿಯಿಂದ ಮುಳ್ಳಣ್ಣ ಹೇಳುತ್ತಾನೆ, ಅಂಕ ಬರೆಯುವವನು, ಊರವರ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿ ಮಾಡಿ ಆ ಹೆಸರು ಅಂಟಿಸಿಕೊಂಡವನು, ನಿಮ್ಮ ವಾಚಿನ ಸೆಲ್ ಹೋಗಿದೆ ಎನ್ನುವಷ್ಟೇ ತಣ್ಣಗೆ ಸೊನ್ನೆ ಎನ್ನುತ್ತಾನೆ. ಸೊನ್ನೆ ಹೇಗಾದೀತು, ಚಾಪೆಯ ಮೇಲೆ ಮಲಗಿದ ಮೈ ಅಲುಗಲಿಲ್ಲ, ಉಸಿರು ಅರ್ಧ ಬಿಟ್ಟು ನಿಲ್ಲಿಸಿದ್ದಳು, ಗಾಳಿಯ ಬಾವುಟ ಜೋತುಬಿದ್ದಿತ್ತು, ಹಲಗೆ ಆಳುದ್ದಕ್ಕಿಂತ ದೊಡ್ಡದು, ಅದರ ಒಂದು ಮೂಲೆಗೂ ತಾಗದೆ ಹೋಗಲು ಇದೇನು ಇವಳು ಬಂದೂಕು ಹಿಡಿದ ಮೊದಲ ದಿನವೇ, ಇಪ್ಪತ್ತೆರಡು ವರ್ಷವಾಯಿತು. ಗುಂಡು ಹೋಗಿದೆ, ತೂತು ಬಿದ್ದಿದೆ, ಬಿದ್ದ ತೂತನ್ನು ಯಾರೋ ಮುಚ್ಚಿದ್ದಾರೆ — ಯಾರೋ ಏನು, ಒಂಬೈನೂರು ಮೀಟರ್ ಆಚೆ ಮಣ್ಣಿನ ದಿಬ್ಬದ ಹಿಂದಿನ ಕಂದಕದಲ್ಲಿ ಕೂತು ಈ ಹಲಗೆಯನ್ನು ಇಳಿಸಿ ಏರಿಸುತ್ತಿರುವುದು ಅವಳ ಸ್ವಂತ ತಂಗಿ.

ಇಲ್ಲಿನ ಪದ್ಧತಿಯೇ ಹಾಗೆ, ಬೆಳಿಗ್ಗೆ ಹೊಡೆದವರು ಮಧ್ಯಾಹ್ನ ಕಂದಕಕ್ಕೆ ಇಳಿದು ಉಳಿದವರ ಹಲಗೆ ಎಳೆಯಬೇಕು, ಒಬ್ಬರ ತೂತನ್ನು ಇನ್ನೊಬ್ಬರು ನೋಡಿ ಹೇಳಬೇಕು, ಇದು ನಂಬಿಕೆಯ ಮೇಲೆ ನಡೆಯುವ ಆಟ ಎಂದು ವರ್ಷಕ್ಕೊಮ್ಮೆ ಭಾಷಣದಲ್ಲಿ ಯಾರಾದರೂ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಚೀಟಿ ಎತ್ತಿದಾಗ ಅಕ್ಕನ ಹಲಗೆಗೆ ತಂಗಿಯೇ ಬಂದಳು, ಮನೆ ಜಗಳ ಮೈದಾನಕ್ಕೆ ಬಂತು ಎಂದು ಯಾರೋ ಅಂದರು, ಎಲ್ಲರೂ ನಕ್ಕರು, ತಂಗಿಯೂ ನಕ್ಕಳು, ಮುಂದಿನ ಎರಡು ಹಲ್ಲಿನ ನಡುವೆ ಸಂದು ಇರುವ ಆ ನಗು, ಅಕ್ಕ ಎಷ್ಟು ಸಲ ಹೇಳಿದ್ದಾಳೆ, ಬಾರೇ ಮುಚ್ಚಿ ಕೊಡ್ತೀನಿ, ಅರ್ಧ ಗಂಟೆ ಕೆಲಸ, ಹಲ್ಲಿನ ಸೆಟ್ಟು ಕಟ್ಟುವುದೇ ಅಕ್ಕನ ಕಸುಬು, ಬೇಡ ಬಿಡು ಅಕ್ಕ, ಸಂದು ಇದ್ರೆ ಗಾಳಿ ಆಡುತ್ತೆ. ತಂಡದಲ್ಲಿ ಉಳಿದಿರುವುದು ಒಂದೇ ಜಾಗ, ಹೊರದೇಶದ ಪಂದ್ಯಕ್ಕೆ ಹೋಗುವ ತಂಡ, ಆ ಒಂದು ಜಾಗಕ್ಕೆ ಇರುವುದು ಇಬ್ಬರೇ, ಅಕ್ಕ ಮತ್ತು ತಂಗಿ, ಬೆಳಿಗ್ಗೆ ಗಾಳಿ ಹುಚ್ಚೆದ್ದಿದ್ದಾಗ ತಂಗಿ ಹೊಡೆದದ್ದು ಇನ್ನೂರಕ್ಕೆ ನೂರ ಎಪ್ಪತ್ತೆರಡು. ಅಕ್ಕನಿಗೆ ಐವತ್ತೊಂದು, ಬಲಗಣ್ಣಿಗೆ ಪೊರೆ ಬರುತ್ತಿದೆ ಎಂದು ಡಾಕ್ಟರು ಹೇಳಿ ಆರು ತಿಂಗಳು, ಮುಂದಿನ ಸಲ ಎನ್ನುವುದು ತಂಗಿಗೆ ಇದೆ, ಇವಳಿಗೆ ಇಲ್ಲ, ಇದು ಯಾರಿಗೂ ಗೊತ್ತಿಲ್ಲ, ತಂಗಿಗೆ ಮಾತ್ರ ಗೊತ್ತು, ಡಾಕ್ಟರ ಹತ್ತಿರ ಅವಳೇ ಜೊತೆಗೆ ಬಂದಿದ್ದಳು, ಗೊತ್ತಿದ್ದೂ — ಹಲಗೆ ಇಳಿಸಿ, ತೂತಿನ ಮೇಲೆ ಕರಿ ಕಾಗದದ ಚೂರು ಅಂಟಿಸಿ, ಹೆಬ್ಬೆರಳಿನಿಂದ ಸವರಿ ಮೇಲೇರಿಸಲು ಎಷ್ಟು ಹೊತ್ತು ಬೇಕು, ಹಳೆಯ ತೂತು ಮುಚ್ಚಲೆಂದು ಕಟ್ಟುಗಟ್ಟಲೆ ಕಾಗದ ಅವಳ ಪಕ್ಕದಲ್ಲೇ ಇದೆ, ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಮುಳ್ಳಣ್ಣ, ಇನ್ನೊಂದು ಸಲ ಸರಿಯಾಗಿ ನೋಡೋಕೆ ಹೇಳಿ, ಎಂದಳು, ಅವನು ವಾಕಿಟಾಕಿಯಲ್ಲಿ ಹೇಳಿದ, ಹಲಗೆ ಇಳಿಯಿತು, ಬಹಳ ಹೊತ್ತು ಕೆಳಗೇ ಇತ್ತು, ಅಷ್ಟು ಹೊತ್ತು ಏನು ಮಾಡುತ್ತಾಳೆ, ಆಮೇಲೆ ಕರಕರ ಸದ್ದಿನೊಳಗಿಂದ ತಂಗಿಯ ದನಿ, ತೂತಿಲ್ಲ ಅಕ್ಕ, ಎಲ್ಲಾ ಕಡೆ ಹುಡುಕಿದೆ, ಶಬ್ದಾನೂ ಬರ್ಲಿಲ್ಲ. ತಲೆಯ ಮೇಲೆ ಗುಂಡು ಹಾದರೆ ಚಾಟಿ ಬೀಸಿದ ಹಾಗೆ ಛಟೀರ್ ಎನ್ನುತ್ತದೆ, ಕಂದಕದಲ್ಲಿ ಕೂತವರು ಆ ಸದ್ದು ಕೇಳಿಯೇ ಹಲಗೆ ಇಳಿಸುವುದು, ಬರಲಿಲ್ಲವಂತೆ, ತೂತಿನ ಜೊತೆ ಶಬ್ದವನ್ನೂ ನುಂಗಿ ಕೂತಿದ್ದಾಳೆ. ಅಥವಾ ಗುಂಡಿನಲ್ಲೇ ಏನಾದರೂ — ಗುಂಡಿನ ಡಬ್ಬಿ ತಂದವಳೂ ಅವಳೇ, ಹೊಸ ನಮೂನೆ ಅಕ್ಕ, ಉದ್ದ ಜಾಸ್ತಿ, ಗಾಳಿಗೆ ಜಗ್ಗಲ್ಲ, ಎಂದು ಊಟದ ಮೇಜಿನ ಮೇಲೆ ಸುರಿದು ಎರಡು ಪಾಲು ಮಾಡಿದಳು, ಒಳಗೆ ಸೀಸ, ಮೇಲೆ ತಾಮ್ರದ ತೆಳು ಜಾಕೆಟ್ಟು, ನೀನೇ ಆರಿಸ್ಕೋ ಅಕ್ಕ, ಎನ್ನುತ್ತಾ ಒಂದು ಪಾಲನ್ನು ಬೆರಳಿನಿಂದ ಒಂದಿಷ್ಟು ಮುಂದೆ ತಳ್ಳಿದಳು, ತಳ್ಳಿದ್ದನ್ನು ಕಂಡೇ ಅಕ್ಕ ಹಿಂದಿನ ಪಾಲನ್ನು ಎಳೆದುಕೊಂಡದ್ದು, ಈಗ ಅನಿಸುತ್ತದೆ, ಅಕ್ಕ ಹಿಂದಿನದನ್ನೇ ಎಳೆದುಕೊಳ್ಳುತ್ತಾಳೆ ಎಂದು ಗೊತ್ತಿದ್ದೇ ಮುಂದಿನದನ್ನು ತಳ್ಳಿರಬೇಕು. ಅದೇ ಡಬ್ಬಿಯ ಇಪ್ಪತ್ತನ್ನು ಬೆಳಿಗ್ಗೆ ಅವಳೂ ಹೊಡೆದಳು, ಬೋಲ್ಟು ಮುಚ್ಚಿದ್ದೇ ತಡ ಢಂ ಎನ್ನಿಸುವವಳು, ತಾಳ್ಮೆಯೆಂಬುದೇ ಇಲ್ಲ, ಆದರೂ ಅವಳದು ಒಂದೂ ಕಾಣೆಯಾಗಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ, ನಿಜವಾಗಿ ಹಳದಿಯಾಗಿರುವ ವಸ್ತುವೂ ಲೋಕದಲ್ಲಿ ಇರುತ್ತದಲ್ಲ, ಅದಕ್ಕೆ ಏನೆನ್ನುತ್ತಾರೆ.

ಹದಿನೈದು, ಹತ್ತು ಬಿತ್ತು, ಹದಿನಾರಕ್ಕೆ ಒಂಬತ್ತು, ಬಿಳಿ ಬಿಲ್ಲೆ ಬಂತು, ಆದರೆ ಬಂದ ಬಿಲ್ಲೆಯನ್ನೂ ಹಾಗೇ ನಂಬುವುದುಂಟೆ, ಹತ್ತಕ್ಕೆ ಬಿದ್ದದ್ದನ್ನು ಒಂಬತ್ತಕ್ಕೆ ಸರಿಸಿರಬಹುದು, ಹದಿಮೂರನೆಯದಕ್ಕೆ ಒಂಬತ್ತು ಬಂದಾಗಿನಿಂದಲೇ ಅಕ್ಕನದೊಂದು ಹೊಸ ಕ್ರಮ ಶುರುವಾಗಿದೆ, ಮದ್ದು ತುಂಬಿದ ತೋಟಾ ನಳಿಗೆಯೊಳಗಿಟ್ಟು, ಬೋಲ್ಟು ಮುಚ್ಚಿ, ಬೆರಳನ್ನು ಬಂದೂಕಿನ ಕುದುರೆಯಿಂದ ಆಚೆ ಇಟ್ಟುಕೊಂಡು ಹಲಗೆಯನ್ನೇ ನೋಡುವುದು, ಒಮ್ಮೆ ಅರೆಗಳಿಗೆ, ಒಮ್ಮೆ ನಿಮಿಷಗಟ್ಟಲೆ, ಅಂಟಿಸಿದ ಕಾಗದ ಎಲ್ಲಾದರೂ ಮಿಂಚುತ್ತದೆಯೇ, ಕಪ್ಪಿನೊಳಗೆ ಇನ್ನೊಂದು ಕಪ್ಪು ಕಾಣುತ್ತದೆಯೇ, ಕಸುಬಿನಿಂದ ಬಂದ ಗುಣ, ಸರಿಯಾಗಿ ಕೂತಿದೆ ಎಂದು ರೋಗಿ ಹೇಳಿದರೆ ಒಪ್ಪಬಾರದು, ನೀಲಿ ಕಾಗದ ಕಚ್ಚಿಸಿ ನೋಡಬೇಕು, ಸುಳ್ಳು ಹೇಳುವುದು ಬಾಯಿ, ಹಲ್ಲಲ್ಲ. ನಿಮಿಷವಾಯಿತು, ನಳಿಗೆಯ ಬಿಸಿ ಗಲ್ಲಕ್ಕೆ ಬಡಿಯುತ್ತಿದೆ. ಬೇಗ ಹೊಡಿಯಮ್ಮಾ, ಎಂದ ಮುಳ್ಳಣ್ಣ, ಕಾದ ನಳಿಗೆಯೊಳಗೆ ತೋಟಾ ಇಟ್ಕೊಂಡು ಕೂತ್ರೆ ಮದ್ದು ಕಾಯುತ್ತೆ, ಮದ್ದು ಕಾದ್ರೆ ಗುಂಡು ಹುಚ್ಚು ವೇಗದಲ್ಲಿ ಹೋಗುತ್ತೆ, ಈ ಹೊಸ ಗುಂಡಿನ ಜಾಕೆಟ್ಟು ಮೊದಲೇ ತೆಳು, ಹರ್ಕೊಂಡು ಗಾಳೀಲೇ ಪುಡಿಯಾಗುತ್ತೆ, ಹದಿನಾಲ್ಕನೇದೂ ಹಾಗೇ ಆಗಿರ್ಬೇಕು, ನಂಗೇನೋ ಹೊಗೆ ಕಂಡ ಹಾಗಾಯ್ತು. ಓಹೋ, ಹೊಗೆ ಕಂಡಿತಂತೆ, ಕಂಡದ್ದನ್ನು ಆಗಲೇ ಯಾಕೆ ಹೇಳಲಿಲ್ಲ, ಇವನೂ ಅವಳ ಕಡೆಯವನೇ, ಅವಳ ಗಂಡನ ವಾಚನ್ನು ಮೂರು ಸಲ ಬಿಟ್ಟಿ ರಿಪೇರಿ ಮಾಡಿಕೊಟ್ಟವನು, ಎಂದುಕೊಂಡು ಮತ್ತೂ ಅರ್ಧ ನಿಮಿಷ ನೋಡಿ ಹೊಡೆದಳು, ಹದಿನೇಳು, ಹಲಗೆ ಅಲುಗಲಿಲ್ಲ, ಹೇಳಿ ಇಳಿಸಬೇಕಾಯಿತು, ಬೋಳಾಗಿ ಬಂತು. ಚಿಕ್ಕಂದಿನಿಂದಲೂ ಅವಳಿಗೆ ಮುಚ್ಚಿಡುವ ಬುದ್ಧಿ, ಅಪ್ಪನ ಕನ್ನಡಕ ಕಾಲಡಿ ಸಿಕ್ಕಿ ಪುಡಿಯಾದಾಗ ಚೂರುಗಳನ್ನೆಲ್ಲ ಆರಿಸಿ ಕಾಲುಚೀಲಕ್ಕೆ ತುಂಬಿ ಬೀರುವಿನ ಹಿಂದೆ ಬಚ್ಚಿಟ್ಟವಳು ಅವಳು, ಆರು ವರ್ಷಕ್ಕೇ, ಯಾರ ಕಾಲಡಿ ಸಿಕ್ಕಿತು ಎಂಬ ಮಾತು ಬೇರೆ, ಅದು ಅಕ್ಕನ ಕಾಲು, ಇರಲಿ, ಬಚ್ಚಿಟ್ಟವಳು ಯಾರು ಎನ್ನುವುದು ಮುಖ್ಯ. ಸಿಕ್ಕಿಬಿದ್ದಾಗ ಕಣ್ಣು ಕೂಡ ಪಿಳುಕಿಸದೆ, ಇಲಿ ಒಡೀತು ಅಪ್ಪ, ಎಂದಿದ್ದಳು, ಅಪ್ಪನಿಗೂ ನಗು ಬಂದಿತ್ತು.

ಸಿಟ್ಟಿನಲ್ಲಿ ಹದಿನೆಂಟನೆಯದನ್ನು ಏನೂ ನೋಡದೆ ಬೋಲ್ಟು ಮುಚ್ಚಿದವಳೇ ಹೊಡೆದಳು, ಹತ್ತು. ಈಗ ನೂರ ಐವತ್ತಾರು, ಎರಡು ಬಾಕಿ, ಎರಡೂ ಚೆನ್ನಾಗಿ ಬಿದ್ದರೆ ತಂಗಿಯನ್ನು ದಾಟುತ್ತಾಳೆ, ಇನ್ನೊಂದು ಸೊನ್ನೆ ಬಂದರೆ ಮುಗಿಯಿತು, ಬಂದೂಕಿಗೆ ಎಣ್ಣೆ ಹಚ್ಚಿ ಬೀರುವಿನಲ್ಲಿಟ್ಟು ಪರರ ಹಲ್ಲು ಕಟ್ಟುತ್ತಾ ಕೂರಬಹುದು. ಹತ್ತೊಂಬತ್ತನೆಯ ತೋಟಾ ಒಳಗಿದೆ, ಬೋಲ್ಟು ಮುಚ್ಚಿದೆ, ಹೊಡೆದುಬಿಡಬೇಕು, ಮುಳ್ಳಣ್ಣನ ಮಾತಿನಲ್ಲಿ ಅರ್ಥವಿಲ್ಲದಿಲ್ಲ, ಹದಿನೆಂಟನೆಯದು ಬೇಗ ಹೊಡೆದದ್ದಕ್ಕೇ ಬಿತ್ತೋ ಏನೋ, ಆದರೂ ಕಣ್ಣು ಹಲಗೆಯ ಬುಡಕ್ಕೇ ಹೋಗುತ್ತದೆ, ಅಲ್ಲಿ ಏನೋ ಸರಿದ ಹಾಗೆ, ಅವಳ ಟೋಪಿಯೋ, ಬಿಸಿಲೋ, ಇಷ್ಟು ನೋಡಿಬಿಡೋಣ, ಇಷ್ಟೇ ಇಷ್ಟು, ಗಲ್ಲ ಸುಡುತ್ತಿದೆ, ಅಮ್ಮಾ, ಎಂದ ಮುಳ್ಳಣ್ಣ, ಬರೀ ಅಮ್ಮಾ ಎಂದ, ಹೊಡೆದಳು. ಭುಜಕ್ಕೆ ಗುದ್ದು, ಗಾಜು ಮೇಲೆದ್ದು ಮತ್ತೆ ಕೆಳಗೆ ಕೂತಿತು, ಕೂತ ಗಾಜಿನೊಳಗೆ, ಇನ್ನೂ ದಾರಿಯ ಮೊದಲಲ್ಲೇ, ನೂರಿನ್ನೂರು ಹೆಜ್ಜೆ ಆಚೆ, ಒಂದು ಬೂದು ಎಳೆ — ಎಳೆಯಲ್ಲ, ಸುರುಳಿ, ಸೀಸದ ಹೊಗೆ, ಗಾಳಿಯಲ್ಲಿ ಒಂದು ಗಳಿಗೆ ನಿಂತು ಎಡಕ್ಕೆ ಚದುರಿಹೋಯಿತು. ಕಂಡ್ತಾ, ಎಂದು ಮುಳ್ಳಣ್ಣ ಮೆಲ್ಲಗೆ ಕೇಳಿದ. ಕಂಡಿತು. ಜಾಕೆಟ್ಟು ಹರಿದು ಗುಂಡು ದಾರಿಯಲ್ಲೇ ಸತ್ತದ್ದು ಕಣ್ಣಾರೆ ಕಂಡಿತು, ಯಾರೂ ಏನನ್ನೂ ಮುಚ್ಚಿರಲಿಲ್ಲ, ತಂಗಿಯನ್ನು ಕಾಯುತ್ತಾ ಕೂತು ತೋಟಾವನ್ನು ಬೇಯಿಸಿದವಳು ತಾನೇ, ಮೂರು ಸಲವೂ, ಮುಖಕ್ಕೆ ರಕ್ತ ನುಗ್ಗಿತು, ಜಾಗ ಕಳೆದುಕೊಂಡ ದುಃಖಕ್ಕಿಂತ ನಾಚಿಕೆಯೇ ಹೆಚ್ಚಾಯಿತು, ಸಾಯಂಕಾಲ ಅವಳ ಮುಖ ಹೇಗೆ ನೋಡುವುದು. ಮುಳ್ಳಣ್ಣ ಸೊನ್ನೆ ಬರೆಯಲು ಪೆನ್ಸಿಲು ಎತ್ತಿದ್ದ, ವಾಕಿಟಾಕಿ ಇನ್ನೂ ಮುಟ್ಟಿರಲಿಲ್ಲ — ಹಲಗೆ ಇಳಿಯಿತು. ಯಾರೂ ಹೇಳದೆ, ತಾನಾಗಿ, ಒಂದಿಷ್ಟು ತಡವಾಗಿ ಇಳಿಯಿತು, ಎದ್ದು ಬಂತು, ಕರಿಯ ವೃತ್ತದೊಳಗೆ ಬಿಳಿ ಬಿಲ್ಲೆ, ಹತ್ತು.

ಹೋಗದ ಗುಂಡಿಗೆ ತೂತೆಲ್ಲಿಂದ ಬಂತು, ಪೆನ್ಸಿಲಿನಿಂದ ಚುಚ್ಚಿದರೆ ಬರುತ್ತದೆ, ಗುಂಡಿನ ದಪ್ಪವೇ ಪೆನ್ಸಿಲಿನ ದಪ್ಪ, ತಂಗಿಯ ಕಿವಿಯ ಮೇಲೆ ಸದಾ ಒಂದು ಇರುತ್ತದೆ. ದೂರದಿಂದ ಢಂ ಎಂದದ್ದು ಕೇಳಿಸಿದೆ, ತಲೆಯ ಮೇಲೆ ಛಟೀರ್ ಎಂದದ್ದು ಕೇಳಿಸಿಲ್ಲ, ಅಕ್ಕನದು ಮೂರನೆಯದೂ ಹೋಯಿತು ಎಂದು ಅವಳಿಗೆ ಅಷ್ಟರಲ್ಲೇ ಗೊತ್ತಾಗಿದೆ, ನೂರ ಎಪ್ಪತ್ತೆರಡು ತನ್ನದೇ ಎಂದೂ ಗೊತ್ತಿದೆ, ಅಕ್ಕನ ಕಣ್ಣಿನ ವಿಷಯವೂ ಗೊತ್ತಿದೆ, ಎಲ್ಲ ಗೊತ್ತಿದ್ದು ತನ್ನ ಜಾಗವನ್ನು ತಾನೇ ಚುಚ್ಚಿ ಕೊಟ್ಟಿದ್ದಾಳೆ. ಅವಳ ಕೈ ಹಲಗೆಯ ಮೇಲಿದೆ ಎಂಬ ಅನುಮಾನ ಸುಳ್ಳಾಗಲಿಲ್ಲ, ದಿಕ್ಕು ಮಾತ್ರ ತಿರುಗುಮುರುಗಾಯಿತು. ಬಿಲ್ಲೆ ನಟ್ಟನಡುವೆ ಇಲ್ಲ, ಒಂದು ಎಳೆ ಬಲಕ್ಕೆ, ಒಂದು ಎಳೆ ಕೆಳಕ್ಕೆ, ಹತ್ತರ ಗೆರೆಯ ಒಳಗೇ, ಆದರೆ ಓರೆ, ಇದನ್ನು ಕಲಿಸಿದವಳೂ ಅಕ್ಕನೇ, ಕಟ್ಟಿಸಿದ ಹಲ್ಲು ನಿಜದ್ದು ಅನ್ನಿಸ್ಬೇಕಾದ್ರೆ ಒಂದನ್ನ ಸ್ವಲ್ಪ ಓರೆ ಕೂರಿಸ್ಬೇಕು ಕಣೇ, ಎಲ್ಲಾ ಸಾಲಾಗಿದ್ರೆ ಯಾರೂ ನಂಬಲ್ಲ. ಕೊಡಿ ಇಲ್ಲಿ, ಎಂದು ಮುಳ್ಳಣ್ಣನ ಕೈಯಿಂದ ವಾಕಿಟಾಕಿ ತೆಗೆದುಕೊಂಡಳು, ಈ ಸಲ ಶಬ್ದ ಬಂತೇನೇ, ಎಂದು ಕೇಳಿದಳು. ಬಂತಕ್ಕ, ಚೆನ್ನಾಗಿ ಬಂತು, ತಲೆ ಮೇಲೇ ಹೋಯ್ತು. ದನಿ ಒಂದಿಷ್ಟೂ ಅಲುಗಲಿಲ್ಲ, ಈ ದನಿಯನ್ನು ಇವಳು ಹಿಂದೆಯೂ ಕೇಳಿದ್ದಾಳೆ, ಇದೇ ಮೆತ್ತಗಿನ, ಏರಿಳಿತವಿಲ್ಲದ ದನಿ, ಎಲ್ಲಿ — ಆಸ್ಪತ್ರೆಯಲ್ಲಿ, ಒಂಬತ್ತು ವರ್ಷದ ಹಿಂದೆ, ಅಪ್ಪನಿಗೆ ಜಾಸ್ತಿಯಾಗಿದೆ ಬೇಗ ಬಾ ಎಂಬ ಸುದ್ದಿ ಇದೇ ಮೈದಾನದಲ್ಲಿ ಮುಟ್ಟಿದಾಗ ಇನ್ನೂ ಆರು ಗುಂಡು ಬಾಕಿ ಇತ್ತು, ಆರನ್ನೂ ಹೊಡೆದೇ ಹೋದಳು, ಇದನ್ನು ಯಾರಿಗೂ ಹೇಳಿಲ್ಲ, ಹೋದಾಗ ಅಪ್ಪನ ಮುಖಕ್ಕೆ ಬಟ್ಟೆ ಎಳೆದಾಗಿತ್ತು, ಬಾಗಿಲಲ್ಲಿ ನಿಂತಿದ್ದ ತಂಗಿ ಇವಳ ಎರಡೂ ಕೈ ಹಿಡಿದುಕೊಂಡಳು, ಕೈಯಲ್ಲಿ ಇನ್ನೂ ಮದ್ದಿನ ವಾಸನೆ ಇತ್ತು, ಅವಳ ಮೂಗಿಗೆ ಬಂದಿರಲೇಬೇಕು, ಕೊನೆಗೆ ನಿನ್ನ ಹೆಸರು ಹೇಳಿದ್ರು ಅಕ್ಕ, ಎಂದಳು, ಪೂರ್ತಿ ಬರ್ಲಿಲ್ಲ, ಅರ್ಧ ಹೇಳಿದ್ರು. ತಂಗಿ ಆಡಿದ ಮಾತಿನಲ್ಲೆಲ್ಲ ಹುಳುಕು ಹುಡುಕಿದವಳು ಆ ಒಂದು ಮಾತನ್ನು ಮಾತ್ರ ಪರೀಕ್ಷೆ ಮಾಡಿರಲಿಲ್ಲ, ಅದನ್ನು ತಲೆದಿಂಬಿನಡಿ ಇಟ್ಟುಕೊಂಡೇ ಒಂಬತ್ತು ವರ್ಷ ನಿದ್ದೆ ಮಾಡಿದ್ದಾಳೆ, ಪೂರ್ತಿ ಹೇಳಿದರು ಎಂದಿದ್ದರೆ ನಂಬುತ್ತಿರಲಿಲ್ಲ, ಅರ್ಧ ಎಂದದ್ದಕ್ಕೆ ನಂಬಿದಳು, ಅರ್ಧ, ಒಂದು ಎಳೆ ಓರೆ — ಏನ್ ಬರೀಲಮ್ಮಾ, ಎನ್ನುತ್ತಾನೆ ಮುಳ್ಳಣ್ಣ, ಹತ್ತೋ ಸೊನ್ನೆಯೋ, ನೀನು ಹೇಳಿದ್ದನ್ನ ಬರೀತೀನಿ, ನಾನೇನೂ ನೋಡಿಲ್ಲ — ಹಾಗಾದರೆ ಅಪ್ಪ ಆ ಅರ್ಧ ಹೆಸರನ್ನೂ ಹೇಳದೆ, ಬಾಯಿ ಮುಚ್ಚಿಯೇ — ಗಾಜಿನೊಳಗೆ ಕರಿಯ ವೃತ್ತ ತುಳುಕುತ್ತದೆ, ನಿಲ್ಲುತ್ತದೆ, ನಡುವಿಗೆ ಒಂದು ಎಳೆ ಬಲಕ್ಕೆ ಬಿಳಿ ಬಿಲ್ಲೆ, ಅರ್ಧ ಹೇಳಿದ್ರು ಅಕ್ಕ, ಬಿಳಿ ಬಿಲ್ಲೆ, ಒಂದು ಎಳೆ ಬಲಕ್ಕೆ, ಬಿಳಿ ಬಿಲ್ಲೆ.