ನೆಲ್ ಎದ್ದ ಚಳಿಗಾಲ

ಗೋರಿ ತೋಡುವ ಈನಕ್ ಹೊಂಡದೊಳಗಿಂದ ಇನ್ನೊಂದು ಬಕೆಟ್ ನೀರು ಎತ್ತಿ ಹುಲ್ಲಿನ ಮೇಲೆ ಸುರಿದ. ವಿಲ್ಟ್‌ಷರ್‌ನ ಸುಣ್ಣದ ನೆಲ, ನೀರೆಲ್ಲ ಬೆಳ್ಳಗಿತ್ತು. ಕೆಜಾಯಳ ಶವಪೆಟ್ಟಿಗೆ ಇಗರ್ಜಿಯೊಳಗೆ ಕಾಯುತ್ತಿತ್ತು. ಅವಳ ಗಂಡ, ಮುದಿ ಕುರುಬ ಜೇಬೆಜ್, ಕೊಕ್ಕೆಕೋಲೂರಿ ಹೊಂಡದ ಅಂಚಿನಲ್ಲಿ ನಿಂತಿದ್ದ.

"ಒಣ ಜಾಗ ಅಂದಿದ್ಯಲ್ಲೋ."

"ನಿನ್ನೆ ಒಣಗೇ ಇತ್ತು ಜೇಬೆಜಣ್ಣ. ರಾತ್ರಿ ನೆಲ್ ಎದ್ದವ್ಳೆ, ನಾನೇನ್ ಮಾಡ್ಲಿ?" ಎಂದವನು ನಾಲಿಗೆ ಕಚ್ಚಿಕೊಂಡ.

ಊರಿನ ತೊರೆಗೆ ನೀರು ಬಂದರೆ ಊರೆಲ್ಲ ಹಾಗೇ ಅನ್ನುವುದು. ಆ ತೊರೆ ಬೇಸಿಗೆಯಲ್ಲಿ ಬರೀ ಒಣ ಹಳ್ಳ. ಚಳಿಗಾಲದಲ್ಲಿ ಗುಡ್ಡದ ಒರತೆ ಒಡೆದರೆ ಕುರಿ ತೊಳೆಯುವ ಗುಂಡಿಯನ್ನು ತುಂಬಿ, ಇಗರ್ಜಿಯ ಗೋಡೆ ಬಳಸಿ, ಗಿರಣಿಯ ಹತ್ತಿರ ನದಿ ಸೇರುತ್ತದೆ. ನೆಲ್ ಅಂದರೆ ಹಳೇ ಕಾಲದ ಯಾವಳೋ ರಾಣಿ ಎಂದು ಹೊಸ ಪಾದ್ರಿಗಳು ನಂಬಿದ್ದರು.

* * *

ಮೊದಲು ಅದಕ್ಕೆ ಹೆಸರೇ ಇರಲಿಲ್ಲ. ಎಷ್ಟೋ ವರ್ಷಗಳ ಹಿಂದೆ, ಒಂದು ಚಳಿಗಾಲ ಒರತೆ ಕ್ರಿಸ್‌ಮಸ್‌ಗೂ ಮೊದಲೇ ಒಡೆದದ್ದು ಯಾರಿಗೂ ಗೊತ್ತಾಗಲಿಲ್ಲ. ಗುಡ್ಡದಲ್ಲಿ ಕುರಿ ಕಾಯುತ್ತಿದ್ದ ಅಪ್ಪನಿಗೆ ರೊಟ್ಟಿ ಕೊಟ್ಟು ಬರಲು ಕೆಜಾಯ ಆರು ವರ್ಷದ ಮಗಳನ್ನು ಕಳಿಸಿದಳು. "ಹಳ್ಳದೊಳಗೇ ಹೋಗು ನೆಲ್, ಗಾಳಿ ಹೊಡೆಯಲ್ಲ."

ಗುಂಡಿಯ ನೀರಿನ ಮೇಲೆ ತೆಳ್ಳನೆ ಮಂಜುಗಡ್ಡೆ, ಅದರ ಮೇಲೆ ಹಿಮ. ಮಗುವಿಗೆ ದಾರಿಯಂತೆಯೇ ಕಂಡಿರಬೇಕು; ಕಾಲಿಟ್ಟಲ್ಲಿ ಒಡೆದಿತ್ತು. ಜೇಬೆಜನೇ ತನ್ನ ಕೊಕ್ಕೆಕೋಲಿನಿಂದ ಅವಳನ್ನು ಎತ್ತಿದ್ದು.

ಮರುವರ್ಷ ನೀರು ಬಂದಾಗ ಯಾರೋ ಮರುಕದಿಂದ "ನೆಲ್ಲಳ ನೀರು" ಅಂದರು. ಅಂದವರು ಸತ್ತರು, ಹೆಸರು ಉಳಿಯಿತು. ಊರ ಬಾಯಿಗೆ ಹೆಸರು ಸಿಕ್ಕರೆ ಸಾಕು, ಗಾಯ ಯಾರದೆಂದು ಕೇಳುವುದಿಲ್ಲ. "ನೆಲ್ ಎದ್ಲು" ಎಂದು ಹೆಂಡದಂಗಡಿಯಲ್ಲಿ ನಗುವಾಗ ಕೆಜಾಯ ಕಿಟಕಿ ಮುಚ್ಚುತ್ತಿದ್ದಳು.

ಸಾಯುವ ಮುಂಚೆ ಗಂಡನ ಕೈ ಹಿಡಿದಿದ್ದಳು. "ಅವಳ ಪಕ್ಕ ಬೇಡ. ಮೇಲೆ, ಒಣ ನೆಲದಲ್ಲಿ ಇಡಿ. ಕಳಿಸಿದೋಳು ನಾನು. ಯಾವ ಮುಖ ಹೊತ್ತು ಅಲ್ಲಿ ಮಲಗ್ಲಿ?"

ಆಗಲಿ ಅಂದಿದ್ದ.

* * *

"ನಾಳೆಗೆ ಇಟ್ಕೊಳ್ಳೋಣ ಭಾವ, ಬೇರೆ ಕಡೆ ತೋಡ್ಲಿ," ಎಂದಳು ಕೆಜಾಯಳ ತಂಗಿ ಥರ್ಜ. "ಸತ್ತೋಳಿಗೆ ಕೊಟ್ಟ ಮಾತು."

ಜೇಬೆಜ್ ಹೊಂಡದೊಳಗೇ ನೋಡುತ್ತಿದ್ದ. ಕೆಳಗೋಡೆಯ ಕಡೆಯಿಂದ, ನೆಲ್ಲಳನ್ನು ಹೂತ ಕಡೆಯಿಂದ, ನೀರು ಸಣ್ಣಗೆ ಜಿನುಗುತ್ತಿತ್ತು.

"ಸಾಕು, ಹತ್ತಿ ಬಾರೋ ಈನಕ್."

"ನೀರು?"

"ಇರ್ಲಿ. ಅಮ್ಮನ್ನ ಹುಡುಕ್ಕೊಂಡು ಮಗು ಇಷ್ಟು ಮೇಲೆ ಬಂದಿದೆ."

ಥರ್ಜ ಬಾಯಿಗೆ ಶಾಲಿನ ಅಂಚು ಒತ್ತಿಕೊಂಡಳು.

ಪೆಟ್ಟಿಗೆ ಇಳಿಯಿತು, ಆದರೆ ತಳ ಮುಟ್ಟಲಿಲ್ಲ. ನೀರಿನ ಮೇಲೆ ಅತ್ತಿತ್ತ ತೂಗಿತು. ಪಾದ್ರಿಗಳ ಪ್ರಾರ್ಥನೆ ನಿಂತುಹೋಯಿತು. ಅದುಮಲು ಒಂದು ಗಳಕ್ಕಾಗಿ ಈನಕ್ ಸುತ್ತ ಹುಡುಕಿದ.

ಜೇಬೆಜ್ ಮೊಣಕಾಲೂರಿ, ತನ್ನ ಕೊಕ್ಕೆಕೋಲನ್ನು ಪೆಟ್ಟಿಗೆಯ ಮೇಲಿಟ್ಟು, ನೀರು ಮುಚ್ಚುವವರೆಗೂ ಮೆಲ್ಲಗೆ ಒತ್ತಿ ಹಿಡಿದ.