ಮಾಲಿಯ ಕೋಣೆ

"ಹುಲ್ಲಿನ ಮೇಲೆ ಕಾಲಿಡಬೇಡಿ, ಕಲ್ಲುಹಾದಿ ಹಿಡ್ಕೊಂಡು ಹೋಗಿ!"

ಮನೆಯೊಡತಿ ಜಗಲಿಯಿಂದ ಕೂಗಿದ್ದೇ ತಡ, ಹೆಣ ಹೊತ್ತ ನಾಲ್ವರೂ ತಡವರಿಸಿ ಪಕ್ಕಕ್ಕೆ ತಿರುಗಿದರು. ಮುಂದಿದ್ದ ಮನೆಯ ಡ್ರೈವರನ ಹೆಗಲು ಜಾರಿ ಮಾಲಿಯ ತಲೆ ಒಂದು ಕಡೆ ವಾಲಿತು.

"ಬದುಕಿದ್ದಾಗ್ಲೂ ಆ ಹುಲ್ಲು ತುಳಿದೋನಲ್ಲ. ಈಗ ನಾವು ತುಳಿದ್ರೆ ಎದ್ದು ಕೂತು ಬೈತಾನೆ," ಎಂದ ತೋಟಕ್ಕೆ ಗಿಡ ತಂದುಕೊಡುವ ನರ್ಸರಿಯವನು. ಯಾರೋ ನಕ್ಕರು. ನಕ್ಕಿದ್ದು ಗೊತ್ತಾಗಿ ಕೆಮ್ಮಿದರು.

ಮಣ್ಣು ಮಾಡಿ ಬಂದವರು ಹಿತ್ತಲಿನ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಒಡತಿ ಮಾಲಿಯ ಕೋಣೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತಳು. ಸತ್ತವನ ಹೆಂಡತಿಗೆ ಎರಡು ಸಮಾಧಾನದ ಮಾತು ಹೇಳಿದಳು. ಆಮೇಲೆ ನರ್ಸರಿಯವನ ಕಡೆ ತಿರುಗಿದಳು.

"ನಾಳಿದ್ದು ತೋಟದ ಸ್ಪರ್ಧೆಯವರು ನೋಡೋಕೆ ಬರ್ತಾರೆ. ಕೆಲಸ ಬಲ್ಲ, ಕೈ ಶುದ್ಧ ಇರೋ ಮಾಲಿ ಒಬ್ಬ ಬೇಕಲ್ಲಪ್ಪ."

"ನನ್ನ ಷಡ್ಡಕ ಇದಾನೆ ಅಮ್ಮಾ. ಇಲ್ಲೇ ನಿಂತಿದಾನೆ ನೋಡಿ."

ಷಡ್ಡಕ ಒದ್ದೆ ಕೈಯಲ್ಲೇ ನಮಸ್ಕರಿಸಿದ.

ಮಾಲಿಯ ಹೆಂಡತಿ ಗೋಡೆ ಹಿಡಿದು ಎದ್ದು ನಿಂತಳು. "ನನ್ನ ಮಗಳಿದಾಳಲ್ಲಮ್ಮಾ. ಅವರು ಹಾಸಿಗೆ ಹಿಡಿದ ಮೇಲೆ ಆರು ತಿಂಗಳಿಂದ ಕಸಿ, ಗೊಬ್ಬರ, ಕತ್ತರಿ ಎಲ್ಲ ಅವಳದೇ."

"ಈ ಕೋಣೆ ಕಟ್ಟಿಸಿದ್ದು ಮಾಲಿಗೆ. ಮಾಲಿ ಯಾರೋ, ಕೋಣೆ ಅವರದು," ಎಂದಳು ಒಡತಿ.

"ಅದಕ್ಕೇ ಕೇಳ್ತಿದೀನಿ."

ಒಡತಿ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. ಹುಡುಗಿ ಆ ಕೋಣೆಯಲ್ಲೇ ಹುಟ್ಟಿದವಳು. "ಆಗಲಿ. ಮಧ್ಯಾಹ್ನ ಮೆಟ್ಟಿಲ ಹತ್ತಿರದ ಗುಲಾಬಿ ಕುಂಡಗಳ ಮಣ್ಣು ಬದಲಾಯಿಸಲಿ. ನಿನ್ನ ಗಂಡನ್ನೂ ಹಾಗೇ ನೋಡಿದ್ದೆ."

"ಇವತ್ತೇನಾ?" ಎಂದ ಡ್ರೈವರ್, ಬಾಯಿ ತಡೆಯದೆ.

"ನಮ್ಮ ಸಾವುನೋವು ಗಿಡಕ್ಕೆ ಗೊತ್ತಾಗುತ್ತೇನಪ್ಪಾ?"

*

ಇಪ್ಪತ್ತಮೂರು ವರ್ಷದ ಹಿಂದೆ ಮಾಲಿಗೂ ಗುಲಾಬಿ ಕುಂಡಗಳನ್ನೇ ತೋರಿಸಿದ್ದರು. ಬೇರಿನ ಸಿಕ್ಕು ಬಿಡಿಸುವಾಗ ಚಿನ್ನದ ಉಂಗುರ ಕೈಗೆ ಬಂತು. ಜೇಬಿಗೆ ಹಾಕಿಕೊಂಡು ಬಾಡಿಗೆಮನೆಗೆ ಹೋದ.

"ಯಾರದು?" ಎಂದಳು ಹೊಸ ಹೆಂಡತಿ, ಬೆರಳಿಗೆ ತೊಡುತ್ತ.

"ಮಣ್ಣಿನದು."

ಎರಡು ದಿನ ಅದು ಅವಳ ಬೆರಳಲ್ಲಿತ್ತು. ಎರಡು ದಿನ ಅವನು ಬಾಗಿಲ ಸದ್ದಾದರೆ ಎದ್ದು ನಿಲ್ಲುತ್ತಿದ್ದ. ಮೂರನೆಯ ದಿನ ಬೆಳಿಗ್ಗೆ ಅವಳ ಬೆರಳಿಗೆ ಸೋಪು ಹಚ್ಚಿ, ಉಂಗುರ ಎಳೆದು ತೆಗೆದು, ಒಯ್ದು ಒಡತಿಗೆ ಕೊಟ್ಟ. "ಈಗಷ್ಟೇ ಸಿಕ್ಕಿತು ಅಮ್ಮಾ."

"ನಾನೇ ಹೂತಿಟ್ಟಿದ್ದು," ಎಂದು ಒಡತಿ ನಕ್ಕು ಕೋಣೆಯ ಕೀಲಿ ಕೊಟ್ಟಳು.

ಅಂದಿನಿಂದ ಸಂಜೆ ಕೆಲಸ ಮುಗಿಸಿದ ಮೇಲೆ ಅವನು ಜಗಲಿಯ ಕಡೆ ಮುಖಮಾಡಿ ಎರಡೂ ಜೇಬು ಹೊರಗೆಳೆದು ಕೊಡವುತ್ತಿದ್ದ. ಯಾರೂ ಕೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ. ಕೊನೆಕೊನೆಗೆ ಜೇಬೇ ಇಲ್ಲದ ಅಂಗಿ ಹೊಲಿಸಿಕೊಂಡ.

*

"ಉಂಗುರ ಸಿಗುತ್ತೆ," ಎಂದಳು ತಾಯಿ, ಮಗಳ ಜಡೆ ಬಿಗಿದು ಕಟ್ಟುತ್ತ. "ಸಿಕ್ಕ ತಕ್ಷಣ ಕೊಟ್ಬಿಡು ಕಣೇ. ನಿಮ್ಮಪ್ಪನ ಥರ ಎರಡು ದಿನ ಬೇಯಬೇಡ."

ಮಧ್ಯಾಹ್ನ ಮೆಟ್ಟಿಲ ಬಳಿ, ಒಡತಿಯ ಕಣ್ಣೆದುರಲ್ಲೇ, ಮಗಳು ಕುಂಡ ಓರೆಮಾಡಿ ಅಂಚಿಗೆ ಎರಡು ಏಟು ಕೊಟ್ಟಳು. ಮಣ್ಣಿನ ಮುದ್ದೆ ಒಡೆಯದೆ ಇಡಿಯಾಗಿ ಜಾರಿ ಬಂತು. ನೋಡುತ್ತ ನಿಂತಿದ್ದ ಷಡ್ಡಕ ತನಗರಿವಿಲ್ಲದೆ ತಲೆದೂಗಿದ. ನಾಲ್ಕನೆಯ ಕುಂಡದಲ್ಲಿ ಉಂಗುರ ಸಿಕ್ಕಿತು. ಅವಳು ಅದನ್ನು ಸೆರಗಿನಲ್ಲಿ ಒರೆಸಿ ಒಡತಿಯ ಅಂಗೈಯಲ್ಲಿಟ್ಟಳು.

"ಕೆಲಸ ಚೆನ್ನಾಗಿದೆ," ಎಂದಳು ಒಡತಿ. "ನಿಮ್ಮಪ್ಪನಿಗಿಂತ ಚೆನ್ನಾಗಿದೆ."

ತಾಯಿ ಹತ್ತಿರ ಬಂದು ಮಗಳ ಬೆನ್ನು ತಟ್ಟಿದಳು.

"ಆದ್ರೆ ಇದು ಸಿಕ್ಕಾಗ ನೀನು ಒಂಚೂರೂ ಬೆಚ್ಚಲಿಲ್ಲ. ಅಮ್ಮ ಹೇಳಿಕೊಟ್ಳಾ?"

ಮಗಳು ಕೈಗಂಟಿದ ಮಣ್ಣು ನೋಡಿಕೊಂಡಳು.

"ಕೊಟ್ಟಳಲ್ಲಮ್ಮಾ! ಇನ್ನೇನು ಬೇಕು?" ಎಂದಳು ತಾಯಿ.

"ನಿನ್ನ ಗಂಡ ಎರಡು ದಿನ ಇಟ್ಕೊಂಡಿದ್ದ. ಮೊದಲ ದಿನ ಸಂಜೆಯೇ ಕುಂಡ ಕೆದಕಿ ನೋಡಿದ್ದೆ. ಇರಲಿಲ್ಲ."

ತಾಯಿ ಒಂದು ಹೆಜ್ಜೆ ಹಿಂದೆ ಸರಿದಳು. "ನಿಮಗೆ... ಗೊತ್ತಿತ್ತಾ?"

"ಗೊತ್ತಿದ್ದಕ್ಕೇ ಕೆಲಸಕ್ಕಿಟ್ಕೊಂಡೆ. ಕದ್ದು, ಹೆದರಿ, ತಂದುಕೊಟ್ಟೋನು ಜೀವಮಾನ ಪೂರ್ತಿ ಬಗ್ಗಿ ನಡೀತಾನೆ. ಇವಳಿಗೆ ಯಾವ ಹೆದರಿಕೆ ಇದೆ, ಹೇಳು?"

"ಗೊತ್ತು ಅಂತ ಒಂದ್ಸಲ ಅವರಿಗೆ ಹೇಳಬಹುದಿತ್ತಲ್ಲಮ್ಮಾ. ಸಾಯೋ ಮುಂಚೆಯಾದ್ರೂ."

"ಹೇಳಿದ್ರೆ ಕೆಲಸ ಕೆಡ್ತಿತ್ತು," ಎಂದು ಒಡತಿ ಷಡ್ಡಕನನ್ನು ಬೆರಳಲ್ಲಿ ಕರೆದಳು.

*

ಹೊಸಬರ ಸಾಮಾನು ಸಂಜೆಗೇ ಬಂತು. "ನಾನೇನ್ಮಾಡ್ಲಿ ಅತ್ತಿಗೆ, ಅವನಿಗೂ ಹೆಂಡತಿ ಮಕ್ಕಳು," ಎನ್ನುತ್ತ ನರ್ಸರಿಯವನು ಇವರ ಪಾತ್ರೆಯ ಗಂಟು ಹೊರಗಿಟ್ಟ. ತಾಯಿ ಮಗಳು ತಮ್ಮ ಕಬ್ಬಿಣದ ಮಂಚ ಹೊತ್ತು ಹೊರಟರೆ ಅದು ಬಾಗಿಲಲ್ಲಿ ಸಿಕ್ಕಿಕೊಂಡಿತು. ಚೌಕಟ್ಟಿನ ಎರಡೂ ಬದಿಗೆ ಮಾಲಿ ಹಬ್ಬಿಸಿದ್ದ ಮಲ್ಲಿಗೆ ಬಳ್ಳಿ ಮುಂಗೈ ದಪ್ಪ ಬೆಳೆದು ದಾರಿಯನ್ನು ಕಿರಿದು ಮಾಡಿತ್ತು. ತುಂಬ ಮೊಗ್ಗುಗಳಿದ್ದವು.

ಷಡ್ಡಕ ದೊಡ್ಡ ಕತ್ತರಿ ತಂದು ಬುಡಕ್ಕೆ ಹಾಕಲು ಬಗ್ಗಿದ.

"ಅಲ್ಲಲ್ಲ," ಎಂದಳು ಮಗಳು. "ಇಲ್ಲಿ, ಗೆಣ್ಣಿನ ಮೇಲೆ. ಮತ್ತೆ ಚಿಗುರುತ್ತೆ."

ಅವಳು ಮಂಚ ಕೆಳಗಿಟ್ಟು, ಅವನ ಕತ್ತರಿಗೆ ಸರಿಯಾಗಿ ಸಿಗುವಂತೆ ಬಳ್ಳಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.