ಒಣಗಿದ್ದರೆ ಸುಮ್ಮನಿರಿ

ಒಕವಾಂಗೊ ನದಿಯ ನೆರೆಗೆ ಊರಿನ ಮಳೆ ಬೇಕಿಲ್ಲ. ದೂರದ ಅಂಗೋಲಾದ ಬೆಟ್ಟಗಳಲ್ಲಿ ಎಂದೋ ಸುರಿದ ನೀರು ತಿಂಗಳುಗಟ್ಟಲೆ ಮರಳಿನಲ್ಲಿ ತೆವಳುತ್ತ, ಮೋಡವೇ ಇಲ್ಲದ ಒಂದು ದಿನ ಮೆಲ್ಲಗೆ ನಡೆದುಕೊಂಡು ಬರುತ್ತದೆ. ಅದು ಬರುವ ಮೊದಲು ಕೆಬಾರೆಂಗ್‌ಳ ಮೆಕ್ಕೆಜೋಳ ಬಲಿಯಬೇಕಿತ್ತು. ವರ್ಷದ ಊಟಕ್ಕೆ ಅವಳಿಗಿರುವುದು ಕಾಲುವೆ ತಗ್ಗಿನ ಆ ಹೊಲವೊಂದೇ. ಹಸಿ ತೆನೆ ಮುರಿದರೆ ಕಣಜದಲ್ಲಿ ಬೂಷ್ಟು ಹಿಡಿಯುತ್ತದೆ, ಕಾದರೆ ನೀರುಪಾಲು.

"ನೀರು ಬರೋದನ್ನ ನನ್ನ ಕಂಬಗಳು ಒಂದು ದಿನ ಮೊದಲೇ ಹೇಳ್ತವೆ ಅತ್ತೆ" ಎಂದು ಮಾತು ಕೊಟ್ಟವಳು ಅಣ್ಣನ ಮಗಳು ಬೊನೊಲೊ. ಕಾಲುವೆಯ ಉದ್ದಕ್ಕೂ, ಆಚೀಚಿನ ಹುತ್ತಗಳ ಮೇಲೂ ಅವಳು ನೆಟ್ಟ ಕಂಬಗಳ ಸಂವೇದಕಗಳು, ನೀರು ಸೋಕಿದ್ದನ್ನು ಗುರುತಿಸಿ, ಒಂದರಿಂದ ಒಂದಕ್ಕೆ ಸುದ್ದಿ ದಾಟಿಸುತ್ತಿದ್ದವು. ಊರಂಚಿನ ತಾಳೆಮರಕ್ಕೆ ಕಟ್ಟಿದ್ದು ಕೊನೆಯದು. ಅಲ್ಲಿಂದ ಸುದ್ದಿ ಅವಳ ಫೋನಿಗೆ ಬರಬೇಕು. ಅದೇ ಈಗ ಮೂಕವಾಗಿತ್ತು.

ಬೊನೊಲೊ ಡಬ್ಬಿ ಬಿಚ್ಚಿದಳು. ಬ್ಯಾಟರಿ ಬರಿದು. ಎಲ್ಲ ಕಂಬಗಳ ಸುದ್ದಿಯ ಹೊರೆಯೂ ಇದರ ಮೇಲೆಯೇ ಬಿದ್ದಿತ್ತು.

"ಮಾತಾಡಿ ಮಾತಾಡಿ ಸುಸ್ತಾಗಿದೆ. ಪ್ರತಿಯೊಂದೂ ಪಕ್ಕದ್ದಕ್ಕೆ, ಚೆನ್ನಾಗಿ ಎದ್ರಾ, ಚೆನ್ನಾಗಿದೀರಾ ಅಂತ ಕೇಳ್ತಾನೇ ಇದೆ" ಎಂದಳು.

"ಕೇಳ್ದೇ ಇರಕ್ಕಾಗುತ್ತಾ? ಕ್ಷೇಮ ಕೇಳ್ದೆ ವಿಷಯ ಎತ್ತೋರನ್ನ ನಮ್ಮೂರಲ್ಲಿ ಯಾರು ಹತ್ರ ಸೇರಿಸ್ತಾರೆ?" ಎಂದಳು ಪಕ್ಕದಲ್ಲಿದ್ದ ಕೆಬಾರೆಂಗ್.

"ಅದಕ್ಕೇ ಕಂಬಗಳಿಗೂ ಕಲಿಸಿಬಿಟ್ಟೆ."

"ಮರ್ಯಾದೆಯಿಂದ ಯಾರೂ ಸತ್ತಿಲ್ಲ ಕಣೇ."

"ಇದು ಸತ್ತಿದೆ ನೋಡು."

ಇದ್ದ ಒಂದೇ ಹೊಸ ಬ್ಯಾಟರಿಯನ್ನು ತಾಳೆಮರದ ಡಬ್ಬಿಗೆ ಹಾಕಿ ಬೊನೊಲೊ ಎಲ್ಲ ಕಂಬಗಳಿಗೂ ಹೊಸ ಆಜ್ಞೆ ಕಳಿಸಿದಳು: ಕ್ಷೇಮ ವಿಚಾರಿಸಬೇಡಿ. ಒಣಗಿದ್ದರೆ ಸುಮ್ಮನಿರಿ. ನೀರು ಮುಟ್ಟಿದಾಗ ಮಾತ್ರ ನುಡಿಯಿರಿ. ಹತ್ತಿರದ ದಾರಿಯನ್ನೇ ಹಿಡಿಯಬೇಡಿ. ಅಕ್ಕಪಕ್ಕದಲ್ಲಿ ಯಾರಿಗೆ ಹೆಚ್ಚು ಕಸುವಿದೆಯೋ ಅವರ ಕೈಗೆ ಸುದ್ದಿ ಕೊಡಿ, ಸುತ್ತಾದರೂ ಸರಿ.

"ಹಂಗಾದ್ರೆ ಅವು ಬದುಕಿದಾವೋ ಇಲ್ವೋ ಹೆಂಗೆ ಗೊತ್ತಾಗೋದು?"

"ಗೊತ್ತಾಗಲ್ಲ ಅತ್ತೆ."

ಕೆಬಾರೆಂಗ್ ಹೊಲದಿಂದ ತಂದಿದ್ದ ತೆನೆಯ ಒಂದು ಕಾಳನ್ನು ಉಗುರಿನಿಂದ ಚಿವುಟಿದಳು. ಹಾಲು ಜಿನುಗಿತು. "ಕಾಯ್ತೀನಿ. ಮುಳುಗಿದ್ರೆ ವರ್ಷಪೂರ್ತಿ ನಿನ್ನ ಮನೇಲೇ ಊಟ, ನಾನು ಕಮ್ಮಿ ತಿನ್ನೋಳಲ್ಲ."

ಆಮೇಲೆ ಎಲ್ಲೆಲ್ಲೂ ಮೌನ. ಚಾಪೆಯ ಮೇಲೆ ಫೋನು ಕಲ್ಲಿನಂತೆ ಬಿದ್ದಿರುತ್ತಿತ್ತು. ಮಧ್ಯಾಹ್ನದ ಜೋಂಪಿನಲ್ಲಿ ಬೊನೊಲೊಗೆ ಕಂಬಗಳು ಕಾಣುತ್ತಿದ್ದವು: ಹುತ್ತಗಳ ನೆತ್ತಿಯಲ್ಲಿ, ಜೊಂಡಿನ ಮರೆಯಲ್ಲಿ, ಕಣ್ಣು ಮುಚ್ಚಿ ನಿಂತ ಬಕಗಳಂತೆ. ನಿದ್ದೆಯೋ ಸಾವೋ ತಿಳಿಯುತ್ತಿರಲಿಲ್ಲ. ತೆನೆಯ ಸಿಪ್ಪೆ ದಿನದಿನಕ್ಕೂ ಬೆಳ್ಳಗಾಗುತ್ತಿತ್ತು.

ಒಂದು ಬೆಳಿಗ್ಗೆ ಫೋನು ನಡುಗಿತು. ಕಾಲುವೆಯ ಮೇಲ್ತುದಿಯ, ಊರಿಗೆ ಅತಿ ದೂರದ ಕಂಬ ಒದ್ದೆಯಾಗಿತ್ತು. ಸುದ್ದಿ ನೇರವಾಗಿ ಬಂದಿರಲಿಲ್ಲ. ಕಾಲುವೆ ಬಿಟ್ಟು, ಹುತ್ತದಿಂದ ಹುತ್ತಕ್ಕೆ ಹಾರಿ, ಮಲಗಿದ್ದವರನ್ನು ಎಬ್ಬಿಸುತ್ತ, ಬಳಸಿ ಬಳಸಿ ತಡವಾಗಿ ಬಂದಿತ್ತು.

ಇಬ್ಬರೂ ಕತ್ತಲಾಗುವವರೆಗೆ ತೆನೆ ಮುರಿದರು. ಮರುದಿನ ಬಿಸಿಲೇರುವಾಗ ಮೊದಲು ಇರುವೆಗಳು ಮೊಟ್ಟೆ ಹೊತ್ತು ದಂಟು ಹತ್ತಿದವು. ಹಿಂದೆಯೇ, ನೀಲಿ ಆಕಾಶದ ಕೆಳಗೆ, ನೊರೆಯ ಅಂಚಿನ ತೆಳ್ಳನೆಯ ನೀರು ಒಣ ಎಲೆಗಳನ್ನು ನೂಕುತ್ತ, ದನದ ಹೆಜ್ಜೆಗುಳಿಗಳನ್ನು ತುಂಬುತ್ತ ಒಳಬಂತು. ಕೆಲವು ಸಾಲು ಇನ್ನೂ ಉಳಿದಿದ್ದವು. ಬೊನೊಲೊ ಅತ್ತ ಓಡಲು ಹೋದಳು.

"ಬಿಡೇ, ಕಣಜ ತುಂಬಿದೆ" ಎಂದು ಅತ್ತೆ ಅವಳ ಮಣಿಕಟ್ಟು ಹಿಡಿದಳು. "ಅಷ್ಟು ಮೀನಿಗಿರಲಿ."

ತಣ್ಣನೆಯ ನೀರು ಅವರ ಪಾದ ದಾಟಿ ಮುಂದಕ್ಕೆ ಹೋಯಿತು.